ಸುಟ್ಟೆಣ್ಣೆ ಯಾರದು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಫರಸಾಣ್ ಎಂಬ ಕುರುಕಲು ತಿಂಡಿಗಳ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಡಾಯಿಯ ಮುಂದೆ ನಿಂತವನು ನಾನು. ಚಕ್ಕುಲಿ, ಸೇವು ಕರಿದು ಕಪ್ಪಾದ ಎಣ್ಣೆ ಕರಿಯುವವನಿಗೇ ಸೇರಬೇಕೆಂಬುದು ಅಲ್ಲಿನ ರೂಢಿ. ನಾನದನ್ನು ವಡಾಪಾವ್ ಗಾಡಿಯವನಿಗೆ ಮಾರುತ್ತಿದ್ದೆ. ತಿಂದವರ ಹೊಟ್ಟೆ ಏನಾಯಿತೋ, ನಾನೇನೂ ಸಾಚಾ ಅಲ್ಲ. ಆದರೆ ಮಗಳ ಹತ್ತನೇ ತರಗತಿಯ ಟ್ಯೂಷನ್ ಫೀ ಆ ಎಣ್ಣೆಯಿಂದಲೇ ಹುಟ್ಟುತ್ತಿತ್ತು.

ಆಮೇಲೆ ಸುಟ್ಟೆಣ್ಣೆಯಿಂದ ಡೀಸೆಲ್ ಮಾಡುವ ಕಂಪನಿಯೊಂದರ ಟೆಂಪೊ ಬರತೊಡಗಿತು. ನಮ್ಮ ಕಾರ್ಖಾನೆಯ ಮಾಲೀಕರು ಮಂಗಳೂರು ಕಡೆಯವರು. ಸುಟ್ಟೆಣ್ಣೆಯ ಡಬ್ಬಿಗಳನ್ನೆಲ್ಲ ಕೋಣೆಗೆ ಸೇರಿಸಿ ಬೀಗ ಜಡಿದರು.

"ಇದು ದೇಶಕ್ಕೆ ಒಳ್ಳೇದು ಮಾರಾಯ. ಹೊರಗಿನಿಂದ ತೈಲ ತರುವುದು ಕಮ್ಮಿ ಆಗ್ತದೆ. ಎಲ್ಲರಿಗೂ ಲಾಭ ಉಂಟು."

"ಎಲ್ಲಾರಿಗೂ ಅಂದ್ರ, ನನಗೆಷ್ಟ್ರೀ?"

"ನಿನಗೆ ಸಂಬಳ ಉಂಟಲ್ಲ!"

ಮೈಯೆಲ್ಲ ಉರಿದುಹೋಯಿತು. ಎಣ್ಣೆ ಜನರ ಹೊಟ್ಟೆಗೆ ಹೋಗದೆ ಲಾರಿಗೆ ಹೋಗುವುದು ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಇಷ್ಟು ವರ್ಷ ಇವರಿಗೆ ಕಸವಾಗಿದ್ದದ್ದು ಒಳ್ಳೆಯ ಬೆಲೆ ಬಂದ ಕೂಡಲೇ ಇವರ ಸ್ವತ್ತಾಯಿತಲ್ಲ! ಮಗಳ ಟ್ಯೂಷನ್ ಆ ತಿಂಗಳೇ ನಿಂತಿತು.

ಡಬ್ಬಿ ತುಂಬುವವನು ನಾನೇ. ಎಣ್ಣೆ ಆರಿದ ಮೇಲೆ ಮೂರು ಡಬ್ಬಿಗೆ ಎರಡೆರಡು ಚೊಂಬು ನೀರು ಸುರಿದೆ. ನೀರು ತಳಕ್ಕಿಳಿಯಿತು, ಮೇಲಿನಿಂದ ಏನೂ ಕಾಣಲಿಲ್ಲ. ಕಂಪನಿಯವರು ಬಂದು ಮಾಲೀಕರಿಗೆ ಸರಿಯಾಗಿ ಮಂಗಳಾರತಿ ಎತ್ತಲಿ ಎಂದು ಕಾದೆ.

ಕಂಪನಿಯ ಕಡೆಯಿಂದ ಡಬ್ಬಿ ಒಯ್ಯಲು ಬರುತ್ತಿದ್ದವನು ಕಲಬುರಗಿಯ ಹಮಾಲ. ಬೇರೆ ಕಡೆಯಲ್ಲೆಲ್ಲ ತಳದಿಂದ ಎಣ್ಣೆ ತೆಗೆದು ಕಾದ ಬಾಣಲೆಗೆ ನಾಲ್ಕು ಹನಿ ಹಾಕಿ, ಸಿಡಿಯುತ್ತದೆಯೇ ಎಂದು ನೋಡಿಯೇ ಒಯ್ಯುತ್ತಿದ್ದ. ನಾನು ವಿಜಯಪುರದವನೆಂದು ತಿಳಿದಂದಿನಿಂದ ನಮ್ಮಲ್ಲಿ ಮಾತ್ರ ಅದನ್ನು ಬಿಟ್ಟಿದ್ದ. "ನಮ್ಮ ಮಂದಿ ಕೈಯಾಗಿನ ಮಾಲು, ಏನ್ ನೋಡೂದದರೀ" ಎಂದು ಅಂದೂ ಡಬ್ಬಿಗಳನ್ನು ಹೊತ್ತೊಯ್ದ.

ವಾರದ ನಂತರ ಟೆಂಪೊ ಇಲ್ಲದೆ ಒಬ್ಬನೇ ಬಂದ. ಮುಖ ಬಾಡಿತ್ತು.

"ಎಣ್ಣಿ ಮಾರ್ಕೊಂಡು ನೀರು ಹಾಕೀದಿ ಅಂತ ನನಗs ಕಳ್ಳ ಅಂದ್ರು ಅಣ್ಣಾ. ಕೆಲಸದಿಂದ ತೆಗದಾರ. ನೀರು ಇಲ್ಲೇ ಬಿದ್ದದ್ದು ಅಂತ ನಮ್ಮ ಸೂಪರ್‌ವೈಸರ್‌ಗ ಒಂದ್ ಮಾತು ಹೇಳ್ರಿ."

ಮಾಲೀಕರು ಮಾರು ದೂರದಲ್ಲಿ ನಿಂತಿದ್ದರು. ಅವರಿಗೆ ಸೇರಬೇಕಾದ ಹಣ ಪೂರ್ತಿ ಸೇರಿತ್ತು. ಯಾರನ್ನು ಸುಡಲು ಹೋಗಿ ಯಾರನ್ನು ಸುಟ್ಟೆ! ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಕಡಾಯಿಯ ಕಡೆ ತಿರುಗಿಕೊಂಡೆ.

"ನನಗೇನ್ ಗೊತ್ತಪಾ" ಎಂದೆ.

"ಹೌದ್ ಬಿಡ್ರಿ ಅಣ್ಣಾ, ನಿಮಗರ ಹೆಂಗ್ ಗೊತ್ತಿರ್ತದ" ಎಂದು ಕೈಮುಗಿದು ಹೋದ.