ದೇವರ ಜಗಲಿ ಮ್ಯಾಲಿನ ಕ್ಲೋರಿನ್ ಬಾಟ್ಲಿ

ಇವತ್ತ ಚಾಳಿನ ನಳಕ್ಕ ಕೊಡ ಹಿಡದಾಗ ನೀರಾಗ ಕ್ಲೋರಿನ್ ವಾಸನಿ ಬಂತು.

ನಾ ಸಣ್ಣಾಂವಿದ್ದಾಗ ಜೋಗೇಶ್ವರಿ ಸಾಲ್ಯಾಗ ಮಾಸ್ತರು ಕ್ಲೋರಿನ್ ಬಾಟ್ಲಿ ಕೊಟ್ಟು, ಮನ್ಯಾಗ ದಿನಾ ಕುಡಿಯೂ ನೀರಿಗೆ ಹಾಕ್ರಿ ಅಂದಿದ್ರು. ಅವ್ವ ನನ್ನ ಮಾತ ಕೇಳಲಿಲ್ಲ. "ಜಡ್ಡಿಲ್ದ ಔಷಧ ಯಾರ ಕುಡೀತಾರಲೇ? ಯಾರರ ಮಲಗಿದ್ರ ಬೇಕಾಗ್ತದ" ಅಂತ ದೇವರ ಜಗಲಿ ಮ್ಯಾಲ ಎತ್ತಿಟ್ಳು.

ಬಸುರಿ ಹೆಂಗಸರನ್ನ ನೋಡಾಕ ಬರ್ತಿದ್ದ ನರ್ಸ್‌ಬಾಯಿ ಬಾಟ್ಲಿ ನೋಡಿ, "ಅದ ಸ್ಕೂಲ್‌ದವ್ರ ಕೆಲ್ಸ, ನಮ್ದಲ್ಲ" ಅಂದ್ಳು. ಒಂದ ಮಾತ ತಿಳಿಸಿ ಹೇಳಿದ್ರ ಅವರಪ್ಪನ ಗಂಟೇನ ಹೋಗ್ತಿತ್ತು?

ತಂಗಿ ಗೌರಿಗೆ ವಾಂತಿಭೇದಿ ಹತ್ತಿದಾಗ ಅವ್ವ ಬೂಚ ತಗದು, ಆಕಿ ಲೋಟಕ್ಕಷ್ಟ ಹನಿ ಹಾಕಿ ಕುಡಿಸಿದ್ಳು. ಮರುದಿನ ಗೌರಿ ಹೋದ್ಳು. ಆ ಬಾಟ್ಲಿ ಕೊಟ್ಟ ಸಾಲಿಗೆ ನಾ ಮತ್ತ ಕಾಲಿಡಲಿಲ್ಲ.

ಅವ್ವ ಈಗೂ ಕೇಳ್ತಾಳ, "ಆವತ್ತ ಹನಿ ಕಮ್ಮಿ ಬಿದ್ದೂವೇನಪಾ?"

ನಾ ಕೊಡ ಎತ್ಕೊಂಡ ಒಳಗ ಹೋಗ್ತೀನಿ.