ಕೊರತೆ ಏನಿದ್ದರೂ ಹೇಳಿ

ಶಿಶುವಿಹಾರದಲ್ಲಿ ಎಲ್ಲರೂ ಅವಳನ್ನು ಆಯಮ್ಮ ಎಂದೇ ಕರೆಯುತ್ತಿದ್ದರು. ಮಕ್ಕಳ ಮೂಗೊರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಅದಲುಬದಲಾದ ಚಪ್ಪಲಿ ಹುಡುಕಿ ಜೋಡಿ ಮಾಡುವುದು, ಅಮ್ಮ ಬೇಕೆಂದು ರಚ್ಚೆ ಹಿಡಿದವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಡಸಾಲೆಯಲ್ಲಿ ಅಡ್ಡಾಡುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳಿಗೆ ಬೇಸರವಿರಲಿಲ್ಲ. ಆದರೆ ತರಗತಿಯ ಬಾಗಿಲ ಬಳಿ ಬಂದಾಗಲೆಲ್ಲ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಳಗೆ ಟೀಚರ್ ಕಥೆ ಹೇಳುತ್ತಿದ್ದರೆ ಇವಳು ಕೈಯಲ್ಲಿ ಒದ್ದೆ ಚಡ್ಡಿ ಹಿಡಿದುಕೊಂಡು, ಕಥೆ ಮುಗಿಯುವ ತನಕ ಬಾಗಿಲ ಮರೆಯಲ್ಲೇ ನಿಂತುಬಿಡುತ್ತಿದ್ದಳು. ಎಷ್ಟೋ ಸಲ ಟೀಚರಿಗಿಂತ ಮುಂಚೆ ಇವಳ ತುಟಿ ಅಲುಗುತ್ತಿತ್ತು.

ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯಸ್ಥೆ, ಇದನ್ನು ನೋಡದವರೇನಲ್ಲ. ಒಂದು ದಿನ ಕರೆದು, ಒಂದು ಪದವಿ ಮಾಡಿಕೊಂಡರೆ ಚಿಕ್ಕ ಮಕ್ಕಳ ತರಗತಿಯನ್ನು ನಿನಗೇ ಕೊಡುತ್ತೇನೆ ಎಂದರು. ಪದವಿಯಿಲ್ಲದವರನ್ನು ತರಗತಿಗೆ ಬಿಡುವ ಹಾಗಿಲ್ಲ, ನಿಯಮ ಬಿಗಿಯಾಗುತ್ತಿದೆ ಎಂದೂ ಸೇರಿಸಿದರು. ಆಯಮ್ಮನಿಗೆ ಮೊದಲ ಮಾತಷ್ಟೇ ಕೇಳಿಸಿತು. ಅಂದು ಸಂಜೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗಂಡ ಟೈಲರ್. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಓದು ಅಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಅತ್ತೆಗೆ ಮಾತ್ರ ವಿಷಯ ಜೀರ್ಣವಾಗಲಿಲ್ಲ. ಕಾಲೇಜಿಗೆ ಹೋಗದೆ ಕಾಲೇಜು ಓದುವುದೆಂದರೇನು? ಪುಸ್ತಕದ ಕಟ್ಟು ಅಂಚೆಯಲ್ಲಿ ಬಂದ ದಿನ ಪಕ್ಕದ ಮನೆಯವಳ ಮುಂದೆ, "ನಮ್ಮ ಸೊಸೆ ಅಂಚೆಯಲ್ಲಿ ಓದ್ತಾಳಮ್ಮ. ಅಂಚೆ ಚೀಟಿ ಕಮ್ಮಿ ಬಿದ್ರೆ ಬಂದ ದಾರೀಲೇ ವಾಪಸ್ ಹೋಗುತ್ತಂತೆ ಪದವಿ" ಎಂದು ನಕ್ಕರು. ನಕ್ಕರೂ, ಪರೀಕ್ಷೆಯ ವಾರ ಒಲೆಯ ಹತ್ತಿರ ಸೊಸೆಯನ್ನು ಸೇರಿಸದೆ ಅಡುಗೆ ತಾವೇ ನೋಡಿಕೊಂಡರು. ಮುದುಕಿಯ ಕೊಂಕೇ ಬೇರೆ, ಕರುಳೇ ಬೇರೆ.

ಶಿಶುಶಿಕ್ಷಣದ ಪದವಿ, ದೂರಶಿಕ್ಷಣದಲ್ಲಿ. ರಜೆಯ ದಿನಗಳಲ್ಲಿ ಊರಿನ ಕಾಲೇಜೊಂದರ ಮಹಡಿಯಲ್ಲಿ ಸಂಪರ್ಕ ತರಗತಿ. ನಡೆಸುವವರು ಒಬ್ಬ ಮೇಷ್ಟ್ರು. ಫ್ಯಾನ್ ತಿರುಗುವುದಿಲ್ಲ ಅಂದರೂ, ಇಂಗ್ಲಿಷ್ ಪುಸ್ತಕ ಇನ್ನೂ ಬಂದಿಲ್ಲ ಅಂದರೂ ಅವರದು ಒಂದೇ ಉತ್ತರ: ಆಗುತ್ತೆ ಬಿಡಿ. ಹಾಗಾಗಿ ಅವರ ಹೆಸರೇ ಆಗುತ್ತೆಬಿಡಿ ಸರ್ ಎಂದಾಯಿತು. ಕೆಟ್ಟವರಲ್ಲ ಪಾಪ, ಮೇಲಿನವರು ಕೊಡದಿದ್ದನ್ನು ಅವರಾದರೂ ಎಲ್ಲಿಂದ ತರಬೇಕು. ಆಯಮ್ಮನ ಪಕ್ಕ ಕೂರುತ್ತಿದ್ದವಳು ಬಸ್ ಕಂಡಕ್ಟರ್. ನಿಂತು ನಿಂತು ಸೊಂಟ ಬಿದ್ದುಹೋಗಿದೆ, ಟೀಚರಾದರೆ ಕುರ್ಚಿಯಾದರೂ ಸಿಗುತ್ತದೆ ಎನ್ನುತ್ತಿದ್ದಳು. ಇಬ್ಬರೂ ಒಂದೇ ಪುಸ್ತಕಕ್ಕೆ ತಲೆಕೊಟ್ಟು ಓದಿ, ಅಕ್ಕ ತಂಗಿಯರಂತಾದರು. ಇಬ್ಬರೂ ಒಂದು ವಿಷಯದಲ್ಲೂ ನಪಾಸಾಗಲಿಲ್ಲ.

ಕೊನೆಯ ವರ್ಷ ಬಂತು. ದೊಡ್ಡ ಮೇಡಂ, ಹೇಗೂ ಪದವಿ ಕೈಗೆ ಬಂದ ಹಾಗೇ ಎಂದು, ಖಾಲಿಯಿದ್ದ ಚಿಕ್ಕ ತರಗತಿಯನ್ನು ಅವಳಿಗೆ ಆಗಲೇ ಒಪ್ಪಿಸಿದ್ದರು. ಆ ವರ್ಷ ಬೋಧನಾಭ್ಯಾಸ ಇರಬೇಕಿತ್ತು. ಕಲಿಯುವವರು ಪಾಠ ಮಾಡಬೇಕು, ಅನುಭವಿ ಶಿಕ್ಷಕರೊಬ್ಬರು ಅದನ್ನು ಕೂತು ನೋಡಿ ತಿದ್ದಬೇಕು. ಅಂಥ ಶಿಕ್ಷಕರು ಯಾರೂ ಬರಲಿಲ್ಲ. ಕೇಳಿದರೆ, ಆಗುತ್ತೆ ಬಿಡಿ. ಆಯಮ್ಮನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಮಕ್ಕಳ ಮುಂದೆ ನಿಂತು ತಾನು ಹೇಳುವುದು ಸರಿಯೋ ತಪ್ಪೋ, ಯಾರಾದರೂ ಒಮ್ಮೆ ಹೇಳಿದರೆ ಸಾಕೆಂದು ಹಂಬಲಿಸುತ್ತಿದ್ದಳು.

ಅಷ್ಟರಲ್ಲಿ ಗುಣಮಟ್ಟ ಪರಿಶೀಲನೆಗೆ ಒಂದು ಸಮಿತಿ ಬರುತ್ತದೆಂದು ಸುದ್ದಿಯಾಯಿತು. ಆಗುತ್ತೆಬಿಡಿ ಸರ್ ಮೊದಲ ಸಲ ಬೆವರಿದರು. ಫ್ಯಾನ್ ತಿರುಗಿತು, ಕಿಟಕಿಗೆ ಪರದೆ ಬಂತು, ಕಾಲೇಜಿನ ಗ್ರಂಥಾಲಯದಿಂದ ಎರವಲು ತಂದ ಪುಸ್ತಕಗಳು ಬೀರುವಿನಲ್ಲಿ ಕೂತವು. ಏನು ಕೇಳಿದರೂ ಎಲ್ಲ ಚೆನ್ನಾಗಿದೆ ಅನ್ನಿ, ಬೇರೆ ಮಾತು ಬೇಡ ಎಂದು ಮೇಷ್ಟ್ರು ಎಲ್ಲರಿಗೂ ಕೈಮುಗಿದು ಹೇಳಿದರು. ಯಾಕೆ ಎಂದು ಅವರು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಮಿತಿಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಇದ್ದರು. ಗದರುವವರಲ್ಲ, ತಗ್ಗಿದ ದನಿ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಕೂರಿಸಿ ಮಾತಾಡಿಸಿದರು. ಆಯಮ್ಮ ಒಳಗೆ ಹೋದಾಗ ಮೊದಲು ನೀರು ಕೊಟ್ಟರು. ಮನೆ, ಕೆಲಸ ಎಲ್ಲ ವಿಚಾರಿಸಿದರು. ಆಮೇಲೆ, "ಸಂಕೋಚ ಬೇಡಮ್ಮ, ಕೊರತೆ ಏನಿದ್ರೂ ಹೇಳಿ. ನಾವು ಬಂದಿರೋದೇ ಅದಕ್ಕೆ" ಎಂದರು.

ತವರಿನವರು ಕೇಳಿದ ಹಾಗೆ ಕೇಳಿಸಿತು ಅವಳಿಗೆ. ಕೊರತೆ ಕೇಳಲು ಬಂದವರು ಕೊರತೆ ನೀಗಿಸಿಯೇ ಹೋಗುತ್ತಾರೆಂದು ನಂಬಿದಳು. ಆ ನಂಬಿಕೆಯನ್ನು ನೋಡಿ ಯಾರಾದರೂ ನಗುವುದಾದರೆ ನಗಲಿ. ನಮ್ಮಲ್ಲಿ ಎಷ್ಟೋ ಜನ ಇನ್ನೂ ಹಾಗೆಯೇ ನಂಬಿ ಕೂತಿದ್ದೇವೆ. ಪಾಠ ನೋಡಲು ಯಾರೂ ಬರಲಿಲ್ಲ ಮೇಡಂ, ಒಬ್ಬರನ್ನು ಕಳಿಸಿಕೊಟ್ಟರೆ ಉಪಕಾರವಾಗುತ್ತದೆ ಎಂದು ಅವಳು ಹೇಳಿಬಿಟ್ಟಳು. ಪುಸ್ತಕಗಳು ನಿನ್ನೆ ತಂದವೆಂಬುದನ್ನೂ ಕೇಳಿದಾಗ ಮುಚ್ಚಿಡಲಿಲ್ಲ. ಅಧಿಕಾರಿ ತಲೆಯಾಡಿಸುತ್ತಾ ಬರೆದುಕೊಂಡರು. ಆಯಮ್ಮ ಹೊರಗೆ ಬಂದು ಕಂಡಕ್ಟರಕ್ಕನ ಕೈಹಿಡಿದು, ಇನ್ನು ಎಲ್ಲ ಸರಿಹೋಗುತ್ತದೆ ನೋಡು ಎಂದಳು.

ಬೇಸಿಗೆ ಕಳೆಯುವುದರೊಳಗೆ ಆದೇಶ ಬಂತು. ನಿಗದಿತ ಗುಣಮಟ್ಟ ಇಲ್ಲದ ಕಾರಣ ಕೋರ್ಸಿನ ಮಾನ್ಯತೆ ರದ್ದು. ಕೋರ್ಸ್ ನಡೆಸುತ್ತಿದ್ದ ಸಂಸ್ಥೆಗೊಂದು ನೋಟಿಸು ಹೋಯಿತು, ಸಂಸ್ಥೆ ಅದಕ್ಕೊಂದು ಉತ್ತರ ಬರೆದು ಕೈತೊಳೆದುಕೊಂಡಿತು. ಮುಳುಗಿದವರು ಓದಿದವರು. ಪಾಸಾದ ವರ್ಷಗಳೂ ಲೆಕ್ಕಕ್ಕಿಲ್ಲ ಎಂದಾಯಿತು. ನಿಯಮ ತಪ್ಪೆಂದು ಹೇಳಲು ಬಾಯಿ ಬರುವುದಿಲ್ಲ, ಹೊಟ್ಟೆ ಉರಿಯುವುದೂ ನಿಲ್ಲುವುದಿಲ್ಲ.

ಯಾರು ಬಾಯಿಬಿಟ್ಟರೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಯಮ್ಮ ತಾನೇ ಎಲ್ಲರಿಗೂ ಸಂತೋಷದಿಂದ ಹೇಳಿಕೊಂಡಿದ್ದಳಲ್ಲ. ಮೇಷ್ಟ್ರ ಕೆಲಸ ಹೋಯಿತು. ಅವರು ಒಂದು ಬೈಗುಳವನ್ನೂ ಆಡಲಿಲ್ಲ, ದಾರಿಯಲ್ಲಿ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು, ಅಷ್ಟೆ. ಕಂಡಕ್ಟರಕ್ಕ ಮಾತ್ರ ಮನೆ ಬಾಗಿಲಿಗೇ ಬಂದಳು. ಕೂರು ಅಂದರೆ ಕೂರಲಿಲ್ಲ.

"ಒಂದು ಸುಳ್ಳು ಹೇಳೋಕೆ ನಿನಗೇನಾಗಿತ್ತು?" ಎಂದಳು. "ನಾನು ಹೇಳಲಿಲ್ವಾ? ಎಲ್ಲರೂ ಹೇಳಲಿಲ್ವಾ? ನಿನ್ನೊಬ್ಬಳ ನಾಲಿಗೆ ಮಾತ್ರ ಅಷ್ಟು ಶುದ್ಧನಾ?"

ಅತ್ತೆ ಒಳಗಿನಿಂದ ಏನೋ ಹೇಳಲು ಬಂದವರು ಸೊಸೆಯ ಮುಖ ನೋಡಿ ಸುಮ್ಮನೆ ತಿರುಗಿ ಹೋದರು. ಆ ದಿನದಿಂದ ಅವರು ಅಂಚೆಯ ಮಾತೆತ್ತಲಿಲ್ಲ. ಅತ್ತೆ ಹಂಗಿಸಿದ್ದರೆ ಆಯಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕಡೆಗೆ ರಜೆ ಹಾಕಿ ಆ ಅಧಿಕಾರಿಯ ಕಚೇರಿಗೇ ಹೋದಳು. ಹೊರಗಿನ ಬೆಂಚಿನ ಮೇಲೆ ಊಟದ ಹೊತ್ತು ಕಳೆಯುವ ತನಕ ಕಾದಳು. ಅಧಿಕಾರಿಗೆ ಕೂಡಲೇ ಗುರುತು ಸಿಕ್ಕಿತು. ಎದ್ದು ನಿಂತು ಬರಮಾಡಿಕೊಂಡರು. ಅಲ್ಲಿ ನಿಜ ಹೇಳಿದವರು ನೀವೊಬ್ಬರೇ, ನಿಮ್ಮ ಮಾತಿನ ಮೇಲೇ ನಮ್ಮ ವರದಿ ನಿಂತಿದೆ ಎಂದು ಮನಸಾರೆ ಹೊಗಳಿದರು. ಆ ಹೊಗಳಿಕೆ ಕೇಳುತ್ತಾ ಆಯಮ್ಮನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಕೊರತೆ ಹೇಳಿ ಅಂದ್ರಿ ಮೇಡಂ. ಸರಿಮಾಡಿಸ್ತೀರಾ ಅಂದ್ಕೊಂಡೆ" ಎಂದಳು.

ಅಧಿಕಾರಿ ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ಸರಿಮಾಡೋದು ನಮ್ಮ ಕೆಲಸ ಅಲ್ಲಮ್ಮ. ಸರಿ ಇದೆಯಾ ಇಲ್ವಾ ಅಂತ ನೋಡೋದಷ್ಟೇ ನಮ್ಮದು."

ಬೇರೆ ಕಡೆ ಮೊದಲ ವರ್ಷದಿಂದ ಸೇರಬಹುದು, ಈ ಸಲ ಮಾನ್ಯತೆ ನೋಡಿಕೊಂಡು ಸೇರಿ ಎಂದೂ ಹೇಳಿದರು. ಅಷ್ಟು ವರ್ಷ ಮತ್ತೆ ಓದಿ ಮುಗಿಸುವ ಹೊತ್ತಿಗೆ ಟೀಚರ್ ಕೆಲಸಕ್ಕೆ ಸೇರುವ ವಯಸ್ಸು ಮೀರಿರುತ್ತದೆ ಎಂದು ಆಯಮ್ಮ ಹೇಳಲಿಲ್ಲ. ಇನ್ನು ಬಾಯಿಬಿಡುವ ಧೈರ್ಯ ಅವಳಿಗಿರಲಿಲ್ಲ. ಕೈಮುಗಿದು ಬಂದಳು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ, ಪಕ್ಕದವರಿಗೆ ಕೇಳಿಸದ ಹಾಗೆ ಅತ್ತಳು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಚಿಕ್ಕ ತರಗತಿಗೆ ಹೊಸ ಟೀಚರ್ ಬಂದಿದ್ದಳು. ಪದವಿ ಇದ್ದ ಹುಡುಗಿ, ನಗುಮುಖದವಳು, ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಜಾಗ ಕೊಡದವಳು. ಆಯಮ್ಮ ಮತ್ತೆ ಪಡಸಾಲೆಗೆ ಬಂದಳು. ಆದರೆ ಆ ತರಗತಿಯಲ್ಲಿ ಮಕ್ಕಳು ಎರಡು ವರ್ಷ ಇರುತ್ತಿದ್ದವು. ಹೋದ ವರ್ಷವೆಲ್ಲ ಅವಳ ಕೈಯಲ್ಲಿ ಪಾಠ ಕೇಳಿದ ಮಕ್ಕಳಿಗೆ ಮಾನ್ಯತೆ ರದ್ದಾದದ್ದು ಹೇಗೆ ಗೊತ್ತಾಗಬೇಕು? ಮೂಗೊರೆಸಲು ಬಗ್ಗಿದರೂ ಟೀಚರ್, ಚಪ್ಪಲಿ ಹಾಕಲು ಕೂತರೂ ಟೀಚರ್. ಹೊಸಬಳು ಕರೆದರೆ ತಿರುಗದ ಮಕ್ಕಳು ಇವಳ ಸೆರಗಿನ ಹಿಂದೆ ಸಾಲುಗಟ್ಟುತ್ತಿದ್ದವು.

ದೊಡ್ಡ ಮೇಡಂ ಅವಳನ್ನು ಕೋಣೆಗೆ ಕರೆಸಿದರು. ಹೇಳಲು ಅವರಿಗೂ ಕಷ್ಟವಾಯಿತು, ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸುತ್ತಿದ್ದರು. "ಮಕ್ಕಳು ನಿನ್ನನ್ನ ಟೀಚರ್ ಅಂತಿದಾವೆ. ಹೊರಗಿನೋರು ಕೇಳಿಸಿಕೊಂಡ್ರೆ ತೊಂದರೆ. ಆ ಹುಡುಗಿ ಹೇಳಿದ್ರೆ ಕೇಳ್ತಿಲ್ಲ. ನೀನೇ ಹೇಳು, ನಿನ್ನ ಮಾತು ಕೇಳ್ತಾವೆ."

ಆಯಮ್ಮ ತರಗತಿಗೆ ಹೋಗಿ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದಳು. ಗದ್ದಲ ಅಡಗುವ ತನಕ ಕಾದಳು. ನಾನು ಯಾರು ಎಂದು ಕೇಳಿದಳು. ಟೀಚರ್ ಎಂದು ಎಲ್ಲವೂ ಒಟ್ಟಿಗೆ ಕೂಗಿದವು.

"ಅಲ್ಲ. ಆಯಮ್ಮ. ಹೇಳಿ ನೋಡೋಣ."

ಕೆಲವು ಹೇಳಿದವು, ಕೆಲವು ಪಿಳಿಪಿಳಿ ನೋಡಿದವು. ಅವಳು ದನಿ ಏರಿಸಲಿಲ್ಲ. ಮೊದಲು ಮುಂದಿನ ಸಾಲು, ಆಮೇಲೆ ಹಿಂದಿನ ಸಾಲು, ಆಮೇಲೆ ಒಬ್ಬೊಬ್ಬರೇ. ತಪ್ಪಿದ ಮಗುವಿನ ಎದುರು ಮಂಡಿಯೂರಿ ಕೂತು, ತುಟಿ ನೋಡು ಎಂದು ತೋರಿಸಿ ಹೇಳಿಸಿದಳು. ಸರಿಯಾಗಿ ಹೇಳಿದ ಮಗುವಿನ ತಲೆ ಸವರಿ ಜಾಣ ಎಂದಳು. ಇನ್ನೊಂದು ಮಗು ಅಷ್ಟಾದರೂ ಮತ್ತೆ ಟೀಚರ್ ಎಂದಿತು. ಅದಕ್ಕೆ ಬೇಸರಿಸದೆ ಇನ್ನೊಮ್ಮೆ ಹೇಳಿಕೊಟ್ಟಳು.

ಗಂಟೆ ಹೊಡೆಯುವುದರೊಳಗೆ ಎಲ್ಲ ಮಕ್ಕಳೂ ಕಲಿತುಬಿಟ್ಟವು. ಅಷ್ಟು ಚೆನ್ನಾಗಿ ಕಲಿಸಿದ್ದಳು. ಮತ್ತೆ ಒಂದು ಮಗುವೂ ತಪ್ಪಲಿಲ್ಲ.