ಗೋಮುಖದ ಬಳಿ ತಿರುಗಿದ ಗೊಂಬೆ

ಆ ಭಾನುವಾರ ಸಂಜೆ ಭದ್ರಾವತಿಯ ನಮ್ಮ ಮನೆಯಲ್ಲಿ ಯಜಮಾನರೂ ಮಗಳು ಸಿಂಚನಾಳೂ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದರು. ಎಂಟನೇ ತರಗತಿಯ ಗಣಿತ, ವಿಜ್ಞಾನ, ಪ್ರೋಗ್ರಾಮಿಂಗ್ ಎಲ್ಲವನ್ನೂ ಕಲಿಸುವ ತಂತ್ರಾಂಶ ಅದರಲ್ಲಿತ್ತು. ಒಂದೊಂದು ಆದೇಶ ಬರೆದ ಬಣ್ಣದ ತುಂಡುಗಳನ್ನು ಜೋಡಿಸಿದರೆ ಪರದೆಯ ಮೇಲಿನ ಗೊಂಬೆ ನಡೆಯುತ್ತಿತ್ತು.

"ಇದರಲ್ಲಿ ಒಂದು ಒಗಟು ಮಾಡಿಟ್ಟಿದೀನಿ. ಗೊಂಬೆ ಎಲ್ಲಿ ನಡೀತಾ ಇದೆ ಅಂತ ನಾಳೆ ಬಿಡಿಸು ನೋಡೋಣ, ಮಾರಾಯ್ತಿ" ಎಂದರು ಅವರು.

ಮರುದಿನ ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನಲ್ಲೇ ಅವರಿಗೆ ಎದೆನೋವು ಬಂತು. ಫೋನ್ ಬಂದೊಡನೆ ಹೊರಟೆ. ನನ್ನ ಬಸ್ಸು ತುಂಗಾ ಸೇತುವೆ ದಾಟುವಷ್ಟರಲ್ಲಿ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು.

ತಿಥಿ ಕಳೆದ ಮೇಲೆ ಸಿಂಚನಾ ಆ ಒಗಟು ತೆರೆದಳು. ಗೊಂಬೆ ಒಂದು ಖಾಲಿ ಚೌಕವನ್ನು ಸುತ್ತಲು ಹೊರಟು, ಸುತ್ತು ಮುಗಿಸದೆ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು.

"ಇದು ತಪ್ಪಮ್ಮ. ಅರ್ಧಕ್ಕೇ ವಾಪಸ್ ಬರುತ್ತೆ. ಅಪ್ಪಾಜೀನೂ ಅರ್ಧಕ್ಕೇ ಹೋದ್ರು" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಪುಸ್ತಕವನ್ನೂ ಮುಟ್ಟಲಿಲ್ಲ. ಹೀಗೇ ಆದರೆ ಒಂಬತ್ತನೇ ತರಗತಿಗೆ ಹೋಗುವುದು ಕಷ್ಟವೆಂದು ಟೀಚರ್ ಹೇಳಿದರು. ನಾನು ಓದಿದ್ದು ಅಷ್ಟಕ್ಕಷ್ಟೆ, ಏನು ಹೇಳಿಕೊಡಲಿ? ಪ್ರತಿ ಸೋಮವಾರ ಈಶ್ವರನ ಮುಂದೆ ನಿಂತು, "ನನ್ನ ಮಗು ಮತ್ತೆ ಓದುವ ಹಾಗೆ ಮಾಡಪ್ಪಾ" ಎಂದು ಬೇಡುತ್ತಿದ್ದೆ.

ಒಮ್ಮೆ ಶಿವಮೊಗ್ಗದ ಆಲ್ಕೊಳದಲ್ಲಿರುವ ಅಣ್ಣನ ಮನೆಗೆ ಹೋದಾಗ, ಒಲ್ಲೆನೆಂದರೂ ಬಿಡದೆ ಅವಳನ್ನು ಅಲ್ಲಿನ ಈಶ್ವರನ ಗುಡಿಗೆ ಕರೆದೊಯ್ದೆ. ತಲೆ ತಗ್ಗಿಸಿಕೊಂಡೇ ಪ್ರದಕ್ಷಿಣೆ ಹೊರಟಳು. ಒಳಗಿನಿಂದ ಪೂಜಾರಿ ಕೂಗಿದರು:

"ಏ ಮಾರಾಯ್ತಿ, ದಾಟ್ಬೇಡ! ಅದು ಗೋಮುಖ, ಅಭಿಷೇಕದ ನೀರು ಹೋಗೋ ಜಾಗ. ಶಿವನಿಗೆ ಪೂರ್ತಿ ಸುತ್ತಬಾರದು. ಬಂದ ದಾರೀಲೇ ವಾಪಸ್ ತಿರುಗು!"

ಸಿಂಚನಾ ಅಲ್ಲೇ ನಿಂತುಬಿಟ್ಟಳು. ಮರುಕ್ಷಣ ಗುಡಿಯೆಲ್ಲ ಮೊಳಗುವಂತೆ ಕಿರುಚಿದಳು.

"ಅಮ್ಮಾ! ಅಪ್ಪಾಜಿ ತಪ್ಪು ಮಾಡಿಲ್ಲ! ಆ ಗೊಂಬೆ ಈಶ್ವರನ ಗುಡಿ ಸುತ್ತುತ್ತಾ ಇದೆ!"

"ಯಾವ ಗೊಂಬೇನೇ? ಮೊದ್ಲು ತೀರ್ಥ ತಗೋ" ಎಂದರು ಪೂಜಾರಿ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಭದ್ರಾವತಿ ತಲುಪುವವರೆಗೂ ಬಸ್ಸಿನಲ್ಲಿ ಅವಳ ಬಾಯಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆರೆದು, ಖಾಲಿ ಚೌಕದೊಳಗೆ ಲಿಂಗ ಬರೆದಳು, ಗೊಂಬೆ ತಿರುಗುವ ಜಾಗದಲ್ಲಿ ಗೋಮುಖ ಇಟ್ಟಳು. ಒಂದು ತುಂಡನ್ನೂ ಬದಲಿಸಬೇಕಾಗಲಿಲ್ಲ! ಬಿಟ್ಟಿದ್ದ ಬೀಜಗಣಿತದ ಪಾಠವನ್ನೂ ಅಂದೇ ತೆರೆದಳು. ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ. ಗೆಳತಿಯರಿಗೆ ಗೊಂಬೆ ನಡೆಸುವುದನ್ನು ತಾನೇ ಕಲಿಸುತ್ತಾಳೆ.

ಭಕ್ತ ಬಂಧುಗಳೇ, ಆ ದಿನ ಪೂಜಾರಿಯ ಬಾಯಿಂದ ಕೂಗಿದವನು ಸ್ವಾಮಿಯೇ ಎಂದು ನಾನು ನಂಬಿದ್ದೇನೆ.

ಆ ಪ್ರೋಗ್ರಾಮಿನ ಕೊನೆಯಲ್ಲಿ ಧ್ವನಿ ಸೇರಿಸಲು ಯಜಮಾನರು ಜಾಗ ಬಿಟ್ಟಿದ್ದರು. ಮಗಳು ಅಲ್ಲಿ ಗಂಟೆಯ ಸದ್ದು ಹಾಕಿದ್ದಾಳೆ. ಹಾಕೋಣವೆಂದರೆ ಅವರ ಧ್ವನಿ ನಮ್ಮ ಬಳಿ ಎಲ್ಲಿಯೂ ಇಲ್ಲ.